ಗಿಣ್ಣು ಹಾಲು ಮತ್ತು ಕೊಆಲಾ ಮರಿ

ಮಗಳ ಬಾಣಂತನಕ್ಕೆ ಅಂತ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಬಂದು ಎರಡು ತಿಂಗಳಾಗಿತ್ತು. ಮಗುವಿಗೆ ಎಣ್ಣೆ ನೀರು, ಮಗಳಿಗೆ ಮೆಣಸಿನ ಸಾರು, ಇದರಲ್ಲೇ ದಿನ ಕಳೆಯುತ್ತಿತ್ತು. ಒಂದು ಭಾನುವಾರ ಅಳಿಯ ಹಟ ಹಿಡಿದು ಎಲ್ಲರನ್ನೂ ಲೋನ್ ಪೈನ್ ಅಭಯಧಾಮಕ್ಕೆ ಕರೆದುಕೊಂಡು ಹೋದರು. 1927ರಲ್ಲಿ ಎರಡೇ ಕೊಆಲಾಗಳಿಂದ ಶುರುವಾದ ಜಾಗ ಅದು, ನದಿ ದಂಡೆಯಲ್ಲೇ ಇದೆ. ಕೊಆಲಾ ಅಂದರೆ ಮರದ ಮೇಲೆ ಬದುಕುವ ಇಲ್ಲಿನ ಪ್ರಾಣಿ, ಕಾಂಗರೂ ಹಾಗೆ ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತದೆ.

ಒಳಗೆ ಕಾಲಿಟ್ಟ ಕೂಡಲೇ ನೀಲಗಿರಿ ಸೊಪ್ಪಿನ ವಾಸನೆ. ಕೋಲಾರದ ಕಡೆಯವಳು ನಾನು, ನೀಲಗಿರಿ ತೋಪು ನೋಡಿಯೇ ಬೆಳೆದವಳು. ಎಂಥ ಬರಗಾಲದಲ್ಲೂ ನಮ್ಮ ದನ ಆ ಎಲೆಗೆ ಬಾಯಿ ಹಾಕಿದ್ದನ್ನು ಕಂಡಿಲ್ಲ. ಈ ಪ್ರಾಣಿ ಅದನ್ನೇ ತಿಂದು ಬದುಕುತ್ತದೆ.

ಕೊಂಬೆಯ ಕವೆಯಲ್ಲಿ ಒಂದು ತಾಯಿ ಕೂತಿತ್ತು, ಬೆನ್ನಿಗೆ ಮರಿ ಅಂಟಿಕೊಂಡಿತ್ತು. ಅವುಗಳನ್ನು ನೋಡಿಕೊಳ್ಳುವ ಹುಡುಗಿ ವಿವರಿಸುತ್ತಿದ್ದಳು, ಅಳಿಯ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಮರಿ ಹೊಟ್ಟೆಯಲ್ಲಿ ಇರುವುದು ಬರೀ 35 ದಿನ. ಹುಟ್ಟಿದಾಗ ಉದ್ದ 2 ಸೆಂಟಿಮೀಟರ್, ತೂಕ ಒಂದು ಗ್ರಾಂ ಕೂಡ ಇಲ್ಲ. ಹಿತಕಿದ ಅವರೆಕಾಳು ನೆನಪಾಯಿತು ನನಗೆ, ಸಿಪ್ಪೆ ಇಲ್ಲದೆ ಮೆತ್ತಗೆ ಇರುತ್ತದಲ್ಲ, ಹಾಗೆ. ಕಣ್ಣಿಲ್ಲ, ಕೂದಲಿಲ್ಲ. ಆದರೂ ತಾಯಿಯ ತುಪ್ಪಳ ಹಿಡಿದು ತಾನೇ ತೆವಳಿ ಚೀಲದೊಳಗೆ ಸೇರಿ ಮೊಲೆತೊಟ್ಟು ಕಚ್ಚುತ್ತದೆ. ತೊಟ್ಟು ಬಾಯಲ್ಲೇ ಉಬ್ಬಿ, ಮರಿ ಜಾರದ ಹಾಗೆ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಸುಮಾರು ಆರು ತಿಂಗಳು ಚೀಲವೇ ಮನೆ.

ಮುಂದಿನದನ್ನು ಹೇಳಲು ಅಳಿಯ ಸಂಕೋಚಪಟ್ಟರು, ಮಗಳೇ ಹೇಳಿದಳು. ಚೀಲದಿಂದ ತಲೆ ಹೊರಹಾಕುವ ಹೊತ್ತಿಗೆ ತಾಯಿ ಮರಿಗೆ ಮಾಮೂಲಿ ಹಿಕ್ಕೆಯಲ್ಲದ, ಗಂಜಿಯಂಥ ಮೆತ್ತನೆಯ ಮಲ ಕೊಡುತ್ತದಂತೆ. ನೀಲಗಿರಿ ಎಲೆಯನ್ನು ಅರಗಿಸುವ ಸೂಕ್ಷ್ಮಜೀವಿಗಳು ತಾಯಿಯ ಕರುಳಿನಿಂದ ಮರಿಗೆ ಹೋಗುವುದು ಹಾಗೆ. ಚೀಲದ ಬಾಯಿ ಕೆಳಮುಖವಾಗಿರುವುದರಿಂದ ಅದು ಮರಿಗೆ ಸುಲಭವಾಗಿ ಸಿಗುತ್ತದೆ. ಅದನ್ನು ತಿಂದ ಮೇಲೆಯೇ ಮರಿಗೆ ಎಲೆ ಒಗ್ಗುವುದು.

ಪಕ್ಕದಲ್ಲಿ ಯಾರೋ ಮುಖ ಸಿಂಡರಿಸಿದರು. ನನಗೆ ಮಾತ್ರ ಗಿಣ್ಣು ನೆನಪಾಯಿತು. ನಾನು ಚಿಕ್ಕವಳಿದ್ದಾಗ ನಮ್ಮ ಹಸು ಈದ ದಿನ ಗಿಣ್ಣು ಹಾಲನ್ನು ಊರಿಗೆಲ್ಲ ಹಂಚಿದ್ದೆವು, ಕರುವಿಗೆ ಸಿಕ್ಕಿದ್ದು ಎರಡು ಗುಟುಕು. ನಾಲ್ಕನೇ ದಿನ ಕರು ಸತ್ತುಹೋಯಿತು. ರೋಗ ತಡೆಯುವ ಶಕ್ತಿ ಕರುವಿಗೆ ತಾಯಿಯ ಹೊಟ್ಟೆಯಲ್ಲಿ ಸಿಗುವುದಿಲ್ಲ, ಮೊದಲ ದಿನದ ಗಿಣ್ಣಿನಿಂದಲೇ ಸಿಗಬೇಕು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ಈ ಮಗಳು ಹುಟ್ಟಿದಾಗ ಮನೆಯ ಹಿರಿಯರು, ಹಳದಿ ಹಾಲು ಮಗುವಿಗೆ ಆಗಿಬರುವುದಿಲ್ಲ ಅಂತ ನನ್ನ ಮೊದಲ ಹಾಲನ್ನು ಹಿಂಡಿಸಿ ಚೆಲ್ಲಿಸಿದ್ದರು, ಮಗುವಿಗೆ ಮೂರು ದಿನ ಸಕ್ಕರೆ ನೀರು ನೆಕ್ಕಿಸಿದ್ದರು, ನನಗೆ ಇಪ್ಪತ್ತು ವರ್ಷ, ಎದುರು ಮಾತಾಡುವ ಧೈರ್ಯ ಇರಲಿಲ್ಲ. ಆಮೇಲೆ ಅವಳಿಗೆ ಜ್ವರ ಬಂದಾಗಲೆಲ್ಲ ಆ ಹಾಲೇ ಕಣ್ಣಿಗೆ ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಆ ಮರದ ಕೆಳಗೆ ನಿಂತು ಮಗಳಿಗೆ ಹೇಳಿದೆ.

"ಅದಕ್ಕೇನಾ ಅಮ್ಮ, ಇವಳು ಹುಟ್ಟಿದ ಗಳಿಗೆಯಿಂದ ಹಾಲು ಕೊಟ್ಯಾ, ಕೊಟ್ಯಾ ಅಂತ ಕೇಳ್ತಾನೇ ಇದ್ದಿದ್ದು?" ಅಂದಳು. ನಾನು ತಲೆಯಾಡಿಸಿದೆ.

ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು. ಅವಳು ಅಲ್ಲೇ ಬೆಂಚಿನ ಮೇಲೆ ಹಾಲು ಕುಡಿಸಲು ಕೂತಳು, ನಾನು ಸೆರಗು ಅಗಲ ಮಾಡಿ ಬಿಸಿಲಿಗೆ ಅಡ್ಡ ನಿಂತೆ.