ಗುಡ್ಡಗಾಡು ಓಟದ ಕಾಪಿ ಬಂದರೆ ಟೈಮ್ ಕೊನೆಗೆ ನೋಡಿ

ಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿ ಕೂತವರಿಗೆ ಮಾರ್ಚ್ ಕೊನೆ ಅಂದರೆ ಐಪಿಎಲ್. ಉಳಿದ ಆಟಗಳೆಲ್ಲ ಸಿಕ್ಕ ಜಾಗದಲ್ಲಿ ತೂರಿಕೊಳ್ಳಬೇಕು. ವಿಶ್ವ ಗುಡ್ಡಗಾಡು ಓಟದ (ಕ್ರಾಸ್ ಕಂಟ್ರಿ) ಚಾಂಪಿಯನ್‌ಷಿಪ್ ಹೆಚ್ಚಾಗಿ ಬರುತ್ತಿದ್ದುದು ಇದೇ ಹೊತ್ತಿಗೆ. ಅದರಲ್ಲೂ ಜೂನಿಯರ್ ಹುಡುಗರ ಓಟಕ್ಕೆ ಸಿಂಗಲ್ ಕಾಲಂ ಸಿಕ್ಕರೆ ಪುಣ್ಯ. ಡೆಸ್ಕ್‌ಗೆ ಹೊಸದಾಗಿ ಸೇರಿದವರಿಗೆ ನಾನು ಬೇಕಂತಲೇ ಇಂಥ ಕಾಪಿ, ಅಂದರೆ ತಿದ್ದಿ ಅಚ್ಚಿಗೆ ಕಳಿಸಬೇಕಾದ ವರದಿ, ಕೊಡುತ್ತೇನೆ. ಸುದ್ದಿ ಏಜೆನ್ಸಿ ಕಳಿಸಿದ್ದನ್ನು ಸುಮ್ನೆ ಕನ್ನಡಕ್ಕೆ ಇಳಿಸಿದರೆ ಆಯಿತು ಅನಿಸುತ್ತದೆ. ಹಾಗೆ ಆಗುವುದಿಲ್ಲ.

2019ರ ಕೂಟ ನಡೆದದ್ದು ಡೆನ್ಮಾರ್ಕ್‌ನ ಆರ್ಹಸ್‌ನಲ್ಲಿ. 20 ವರ್ಷದೊಳಗಿನ ಹುಡುಗರ 8 ಕಿ.ಮೀ. ಓಟ ಗೆದ್ದವನು ಇಥಿಯೋಪಿಯಾದ ಮಿಲ್ಕೆಸಾ ಮೆಂಗೇಶಾ. ಸಮಯ 23 ನಿಮಿಷ 52 ಸೆಕೆಂಡ್. ಡೆಸ್ಕ್‌ಗೆ ಹೊಸದಾಗಿ ಬಂದಿದ್ದ ಹುಡುಗನಿಗೆ ನಾನು ಆ ಕಾಪಿ ಕೊಟ್ಟಿದ್ದೆ, ಅವನು ಹಿಂದಿನ ಫಲಿತಾಂಶ ಹುಡುಕಿ ತೆಗೆದ. 2017ರಲ್ಲಿ ಉಗಾಂಡದ ಕಂಪಾಲಾದಲ್ಲಿ ಇದೇ ಓಟವನ್ನು ಜೇಕಬ್ ಕಿಪ್ಲಿಮೊ 22 ನಿಮಿಷ 40 ಸೆಕೆಂಡ್‌ನಲ್ಲಿ ಗೆದ್ದಿದ್ದ.

‘ಸರ್, ಹೋದ ಸಲಕ್ಕಿಂತ ಒಂದು ನಿಮಿಷಕ್ಕೂ ಜಾಸ್ತಿ ತಗೊಂಡಿದ್ದಾನೆ. ಮಂದಗತಿಯ ಗೆಲುವು ಅಂತ ಹೆಡ್ಡಿಂಗ್ ಕೊಡ್ಲಾ?’

ಹಳೆಯದನ್ನು ಹುಡುಕಿದ್ದು ಒಳ್ಳೆಯದೇ. ಟ್ರ್ಯಾಕ್ ಓಟವಾಗಿದ್ದರೆ ಆ ಲೆಕ್ಕ ಸರಿಯೂ ಆಗುತ್ತಿತ್ತು. 400 ಮೀಟರ್ ಟ್ರ್ಯಾಕ್ ಎಲ್ಲಿದ್ದರೂ 400 ಮೀಟರೇ. ಗುಡ್ಡಗಾಡು ಓಟದಲ್ಲಿ ನೆಲವೇ ಬೇರೆ. ಆರ್ಹಸ್‌ನ ಓಟ ಇದ್ದದ್ದು ಮೋಸ್‌ಗಾರ್ಡ್ ಮ್ಯೂಸಿಯಂ ಆವರಣದಲ್ಲಿ. ಆ ಕಟ್ಟಡದ ಚಾವಣಿ ನೆಲದಿಂದಲೇ ಏಳುವ ಇಳಿಜಾರು, ಮೇಲೆಲ್ಲ ಹುಲ್ಲು. ಓಟಗಾರರು ಪ್ರತಿ ಸುತ್ತಿನಲ್ಲೂ ಆ ಚಾವಣಿ ಹತ್ತಬೇಕಿತ್ತು. ಸಾಲದ್ದಕ್ಕೆ ಕೆಸರು, ಮರಳು, ನೀರು. 2023ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ, ಕಾರ್ ರೇಸಿಗೆ ಹೆಸರಾದ ಮೌಂಟ್ ಪನೋರಮಾದಲ್ಲಿ, ಓಡಿದವರಿಗೆ ಏರು, ಟೈರುಗಳು, ಜೊತೆಗೆ ಫೆಬ್ರುವರಿಯ ಅಲ್ಲಿನ ಸೆಕೆ. ಅಲ್ಲಿ ಗೆದ್ದ ಕೀನ್ಯಾದ ಇಷ್ಮಾಯೆಲ್ ಕಿಪ್ಕುರುಯಿಗೆ ಹಿಡಿದದ್ದು 24 ನಿಮಿಷ 29 ಸೆಕೆಂಡ್. ಈ ಮೂವರಲ್ಲಿ ಯಾರು ವೇಗಿ ಅಂತ ಆ ಅಂಕಿಗಳಿಂದ ಹೇಳಲು ಬರುವುದಿಲ್ಲ. ಗುಡ್ಡಗಾಡು ಓಟಕ್ಕೆ ವಿಶ್ವ ದಾಖಲೆ ಅಂತ ಇಲ್ಲದಿರುವುದೂ ಇದಕ್ಕೇ.

ಹಾಗಂತ ಟೈಮ್ ಪೂರ್ತಿ ದಂಡವಲ್ಲ. ಅದೇ ಫಲಿತಾಂಶ ಪಟ್ಟಿಯೊಳಗೆ ಒಂದರಿಂದ ಇನ್ನೊಂದನ್ನು ಕಳೆಯಿರಿ, ಓಟ ಹೇಗೆ ನಡೆಯಿತು ಅಂತ ಗೊತ್ತಾಗುತ್ತದೆ. ಆರ್ಹಸ್‌ನಲ್ಲಿ ಎರಡನೆಯವ ತಡೆಸೆ ವರ್ಕು 23:54, ಮೂರನೆಯವ ಉಗಾಂಡದ ಆಸ್ಕರ್ ಚೆಲಿಮೊ 23:55. ಮೂರು ಪದಕಕ್ಕೆ ಸೇರಿ ಮೂರೇ ಸೆಕೆಂಡ್ ಅಂತರ. 8 ಕಿ.ಮೀ. ಕೆಸರು ತುಳಿದ ಮೇಲೆ! ಹೆಡ್ಡಿಂಗ್ ಅಲ್ಲೇ ಇದೆ. 2001ರಲ್ಲಿ ಬೆಲ್ಜಿಯಂನ ಒಸ್ಟೆಂಡ್‌ನ ಕೆಸರಿನಲ್ಲಿ ಜೂನಿಯರ್ ಓಟ ಗೆದ್ದ ಕೆನೆನಿಸಾ ಬೆಕೆಲೆ ಎರಡನೆಯವನಿಗಿಂತ 33 ಸೆಕೆಂಡ್ ಮುಂದಿದ್ದ. ಅದು ಬೇರೆಯೇ ಜಾತಿಯ ಗೆಲುವು. ಅದೇ ಕೂಟದಲ್ಲಿ ಅವನು ಸೀನಿಯರ್‌ಗಳ ಕಿರು ದೂರದ ಓಟಕ್ಕೂ ಇಳಿದು ಬೆಳ್ಳಿ ತಗೊಂಡಿದ್ದ. ಇಂಥದ್ದನ್ನು ಬಿಟ್ಟು ಬರೀ ನಿಮಿಷ, ಸೆಕೆಂಡ್ ಬರೆದರೆ ಓದುಗರಿಗೆ ಏನು ಸಿಕ್ಕ ಹಾಗಾಯಿತು?

ಆ ಹುಡುಗನ ಎರಡನೇ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ‘ಸರ್, ಹಾಲಿ ಚಾಂಪಿಯನ್ ಕಿಪ್ಲಿಮೊ ಪಟ್ಟಿಯಲ್ಲೇ ಇಲ್ಲವಲ್ಲ, ವಯಸ್ಸು ಮೀರಿತಾ?’ ಮೀರಿರಲಿಲ್ಲ. ಇಲ್ಲಿ ವಯಸ್ಸು ಲೆಕ್ಕ ಹಾಕುವುದು ಆ ವರ್ಷದ ಡಿಸೆಂಬರ್ 31ಕ್ಕೆ. ಕಿಪ್ಲಿಮೊ ಹುಟ್ಟಿದ್ದು 2000ದ ನವೆಂಬರ್‌ನಲ್ಲಿ. ಕಂಪಾಲಾದಲ್ಲಿ ಗೆದ್ದಾಗ ಅವನಿಗೆ ಬರೀ 16. ಆರ್ಹಸ್‌ನಲ್ಲೂ ಜೂನಿಯರ್ ಓಟಕ್ಕೆ ಇಳಿಯಬಹುದಿತ್ತು. ಆದರೆ ಸೀನಿಯರ್ ಓಟಕ್ಕೆ ಹೋಗಿ, ತನ್ನ ದೇಶದವನೇ ಆದ ಜೋಶುವಾ ಚೆಪ್ಟೆಗೈ ಹಿಂದೆ ಬೆಳ್ಳಿ ಗೆದ್ದ. ಜೂನಿಯರ್‌ನಲ್ಲಿ ಕಂಚು ತಂದ ಚೆಲಿಮೊ ಇವನ ತಮ್ಮ. ಒಂದೇ ದಿನ ಅಣ್ಣನಿಗೊಂದು, ತಮ್ಮನಿಗೊಂದು. ಏಜೆನ್ಸಿ ಕಾಪಿಯಲ್ಲಿ ಇವು ಎರಡು ಬೇರೆ ಬೇರೆ ಐಟಂ ಆಗಿ ಬರುತ್ತವೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದವರಿಗೆ ಮಾತ್ರ ಈ ನಂಟು ಕಾಣುತ್ತದೆ.

ಇನ್ನು ತಂಡದ ಲೆಕ್ಕ. ಹೊಸಬರು ಹೆಚ್ಚಾಗಿ ಹಾರಿಸಿಬಿಡುವುದು ಇದನ್ನೇ. ಒಂದು ದೇಶದಿಂದ ಆರು ಹುಡುಗರು ಓಡಬಹುದು. ಮೊದಲು ಬಂದ ನಾಲ್ವರ ಸ್ಥಾನಗಳನ್ನು ಕೂಡುತ್ತಾರೆ. ಕಡಿಮೆ ಬಂದವರಿಗೆ ಚಿನ್ನ. 1, 2, 3, 4 ಬಂದರೆ 10, ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಒಬ್ಬ ಮೊದಲು ಬಂದು ಉಳಿದವರು 20, 30, 40ನೆಯವರಾದರೆ 91. ಪದಕವೇ ಇಲ್ಲದೆ 6, 7, 8, 9 ಬಂದ ದೇಶಕ್ಕೆ ಬರೀ 30. ಸಮವಾದರೆ ಯಾವ ತಂಡದ ನಾಲ್ಕನೆಯವ ಮುಂದಿದ್ದಾನೋ ಆ ತಂಡ ಮೇಲೆ. ಹಾಗಾಗಿ ಟಿವಿ ಕ್ಯಾಮೆರಾ ಗೆದ್ದವನ ಮುಖ ತೋರಿಸುತ್ತಿರುವಾಗ ಹಿಂದೆ ಎಲ್ಲೋ ಯಾರದೋ ತಂಡದ ನಾಲ್ಕನೆಯವ ಪಕ್ಕದವನ ಜೊತೆ ಜಗ್ಗಾಡುತ್ತಿರುತ್ತಾನೆ. ಪಟ್ಟಿಯಲ್ಲಿ ನಾನು ಮೊದಲು ಹುಡುಕುವುದು ಅವನನ್ನು. ಕಂಪಾಲಾದಲ್ಲೂ ಹೀಗೆಯೇ ಆಗಿತ್ತು. ಕಿಪ್ಲಿಮೊ ತವರಿನ ಜನರ ಮುಂದೆ ಗೆದ್ದ, ತಂಡದ ಚಿನ್ನ ಮಾತ್ರ ಇಥಿಯೋಪಿಯಾಕ್ಕೆ ಹೋಯಿತು. ‘ಉಗಾಂಡ ಪಾರಮ್ಯ’ ಅಂತ ಹೆಡ್ಡಿಂಗ್ ಕೊಟ್ಟಿದ್ದರೆ ಅರ್ಧ ಸುಳ್ಳು.

ಆ ದಿನ ಜೂನಿಯರ್ ಓಟಕ್ಕೆ ಇನ್ನೊಂದು ಕಂಟಕವೂ ಇತ್ತು. ಸೀನಿಯರ್ ಓಟದಲ್ಲಿ ಚೆಪ್ಟೆಗೈ ತುಂಬಾ ಮುಂದಿದ್ದವನು ಕೊನೆಯ ಸುತ್ತಿನಲ್ಲಿ ಕಾಲು ಸೋತು 30ನೆಯವನಾಗಿ ಬಂದ. ಕೀನ್ಯಾದ ಜೆಫ್ರಿ ಕಾಮ್‌ವೊರೊರ್ ಗೆದ್ದ. ತೂರಾಡುತ್ತಿದ್ದ ಚೆಪ್ಟೆಗೈ ಫೋಟೊ ಎದುರಿಗಿದ್ದರೆ ಯಾವ ಡೆಸ್ಕ್‌ನವರು ತಾನೇ 16ರ ಹುಡುಗನಿಗೆ ಜಾಗ ಬಿಡುತ್ತಾರೆ? ನಾನೂ ಫೋಟೊನೇ ಹಾಕುತ್ತೇನೆ, ಅದರಲ್ಲಿ ತಪ್ಪಿಲ್ಲ. ಆದರೆ ಕಿಪ್ಲಿಮೊ ಹೆಸರು ಫೋಟೊ ಕೆಳಗಿನ ಸಾಲಿನಲ್ಲಾದರೂ ಇರಬೇಕು.

ಈಗ ಹೊಸಬರಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲ ವಾಕ್ಯದಲ್ಲಿ ಗೆದ್ದವನು, ಎಷ್ಟು ಅಂತರ. ಎರಡನೆಯದರಲ್ಲಿ ತಂಡ. ಮೂರನೆಯದರಲ್ಲಿ ನೆಲ ಹೇಗಿತ್ತು ಅನ್ನುವುದು. ಟೈಮ್ ಬೇಕಿದ್ದರೆ ಆಮೇಲೆ. ಯಾಕೆಂದರೆ ರಾತ್ರಿ ಹನ್ನೊಂದಕ್ಕೆ ಜಾಹೀರಾತು ಬಂತು ಅಂತ ಪೇಜ್ ಮಾಡುವವರು ಕೆಳಗಿನಿಂದ ಎರಡು ಸಾಲು ಹಾರಿಸಿಯೇ ಹಾರಿಸುತ್ತಾರೆ. ಆಗ ಹೋಗುವುದು ಟೈಮ್ ಆಗಿರಲಿ.