ಅಲ್ಲೇ ಐತಾ, ನೀನು ಹಾಕಿದ್ದಾ?

ಭಾನುವಾರ ಅಜ್ಜಿ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಲ್ಯಾಪ್‌ಟಾಪ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ನಾನು ತೆಗೆದ ಚಿತ್ರದಲ್ಲಿ ಎಂ66 ಗ್ಯಾಲಕ್ಸಿಯ ನೀಲಿ ತೋಳಿನ ಮೇಲೆ ಬೆರಳಿಟ್ಟು ಕೇಳಿದರು: "ಈ ಬಣ್ಣ ಅಲ್ಲೇ ಐತಾ, ಇಲ್ಲ ನೀನು ಹಾಕಿದ್ದಾ?"

ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗ ತೀರ್ಪು ಕೊಟ್ಟುಬಿಟ್ಟ. "ಎಐ ಕೈಲಿ ಮಾಡ್ಸಿರ್ತಾರೆ ಬಿಡಜ್ಜಿ. ಈಗ ಎಲ್ಲಾ ಅದ್ರಾಗೇ ಆಗ್ತೈತೆ."

ಪಿಯುಸಿ ಪರೀಕ್ಷೆ ಬರೆದು ರಜಕ್ಕೆ ಬಂದ ಹುಡುಗ. ಮೊಬೈಲಿನಿಂದ ತಲೆ ಎತ್ತದೆಯೇ ಹೇಳಿದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಬಿಸಿಲು ಜಾಸ್ತಿ ಇದೆ ಎನ್ನುವಷ್ಟೇ ಸಹಜವಾಗಿ ಹೇಳಿದ. ನನ್ನನ್ನು ಕಲಕಿದ್ದು ಆ ಸಹಜತೆಯೇ. ಅವನ ವಯಸ್ಸಿನವರಿಗೆ ಚೆಂದದ ಚಿತ್ರ ಕಂಡರೆ ಮೊದಲು ಬರುವ ಗುಮಾನಿ ಇದೇ. ಅದು ಅವರ ತಪ್ಪಲ್ಲ, ದಿನವೂ ಅವರ ಕಣ್ಣಿಗೆ ಬೀಳುತ್ತಿರುವ ಸರಕು ಅಂಥದ್ದು. ಆದರೆ ಆ ಚಿತ್ರದ ಬೆಳಕು ಬಿದ್ದದ್ದು ಅವರದೇ ಹೊಲಕ್ಕೆ. ಯುಗಾದಿ ಅಮಾವಾಸ್ಯೆಯ ಆಚೀಚಿನ ರಾತ್ರಿಗಳಲ್ಲಿ, ಅವರ ಮನೆಯ ಹಿಂದಿನ ಖಾಲಿ ಶೇಂಗಾ ಹೊಲದಲ್ಲಿ ಟ್ರೈಪಾಡ್ ಊರಿಕೊಂಡು ಹಿಡಿದ ಬೆಳಕು ಅದು.

ಚಳ್ಳಕೆರೆಯಿಂದಾಚೆ ಆ ಹಳ್ಳಿ. ಬೆಂಗಳೂರಿನಿಂದ ಸುಮಾರು ಇನ್ನೂರು ಕಿಲೋಮೀಟರ್. ಬೆಂಗಳೂರಿನ ಆಕಾಶದಲ್ಲಿ ಗ್ಯಾಲಕ್ಸಿ ಹುಡುಕುವುದು ಎಂಥ ಕಷ್ಟ ಎಂದು ಪ್ರಯತ್ನಪಟ್ಟವರಿಗೆ ಗೊತ್ತು. ಬೀದಿದೀಪದ ಬೆಳಕು ಮೇಲೇರಿ ಆಕಾಶವೇ ಬೂದುಬಣ್ಣವಾಗಿರುತ್ತದೆ. ಈ ಹೊಲದಲ್ಲಿ ಪಡುವಣ ದಿಗಂತದಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುವುದು ಬಿಟ್ಟರೆ ತಕರಾರಿಲ್ಲ. ಮಳೆಗಾಲ ಶುರುವಾದರೆ ನಮ್ಮ ಕೆಲಸ ಮುಗಿದಂತೆ. ಹಾಗಾಗಿ ಗ್ಯಾಲಕ್ಸಿ ಹಿಡಿಯುವವರಿಗೆ ಮಾರ್ಚ್, ಏಪ್ರಿಲ್ ತಿಂಗಳು ಸುಗ್ಗಿ. ಸಿಂಹ, ಕನ್ಯಾ ರಾಶಿಗಳು ನೆತ್ತಿಗೆ ಬರುವ ಕಾಲ. ಆ ದಿಕ್ಕಿನಲ್ಲಿ ನಮ್ಮ ಆಕಾಶಗಂಗೆಯ ಧೂಳು ಅಡ್ಡ ಬರುವುದಿಲ್ಲ, ದೂರದವರೆಗೂ ನೋಟ ಹಾಯುತ್ತದೆ.

ಈ ಸಲ ನಾನು ಹಿಡಿಯಲು ಹೋದದ್ದು ಸಿಂಹದ ತ್ರಿವಳಿಯನ್ನು: ಎಂ65, ಎಂ66 ಮತ್ತು ಎನ್‌ಜಿಸಿ 3628. ಮೂರೂ ಸುಮಾರು ಮೂರೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಮೂರೂ ಸೇರಿ ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತವೆ, ಅಷ್ಟೇ. ನನ್ನ 80 ಮಿಲಿಮೀಟರ್ ದೂರದರ್ಶಕಕ್ಕೆ ಹೇಳಿ ಮಾಡಿಸಿದ ಚೌಕಟ್ಟು.

ಅಜ್ಜಿಗೆ ಅದನ್ನು ತೋರಿಸಿದ್ದು ಗೆಳೆಯನ ಎಂಟಿಂಚಿನ ಡಾಬ್ಸೋನಿಯನ್ ದೂರದರ್ಶಕದಲ್ಲಿ. ಊಟ ಮುಗಿಸಿ, ಸೆರಗು ತಲೆ ಮೇಲೆ ಎಳೆದುಕೊಂಡು ಬಂದು "ಏನಪ್ಪಾ, ರಾತ್ರಿಯೆಲ್ಲಾ ಏನು ನೋಡ್ತೀರಿ ಅಂಥಾದ್ದು?" ಎಂದರು. ಎಲ್ಲಿಂದ ಶುರು ಮಾಡುವುದು ಎಂದು ಯೋಚಿಸಿ, "ಹುಬ್ಬೆ ಮಳೆ ಗೊತ್ತಲ್ಲ ಅಜ್ಜಿ, ಆ ಹುಬ್ಬೆ ನಕ್ಷತ್ರ ಇದೇ" ಎಂದು ಲೇಸರ್‌ನಿಂದ ತೋರಿಸಿದೆ. ಸಿಂಹ ರಾಶಿಯೊಂದರಲ್ಲೇ ಮಘೆ, ಹುಬ್ಬೆ, ಉತ್ತರೆ ಸಾಲಾಗಿ ಕೂತಿವೆ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಮೂರು ಮಳೆಗಳು. ಅಜ್ಜಿಗೆ ಇಪ್ಪತ್ತೇಳೂ ಮಳೆ ಬಾಯಿಪಾಠ. ಯಾವ ಮಳೆಗೆ ಏನು ಬಿತ್ತಬೇಕು, ಯಾವುದು ಕೈಕೊಡುತ್ತದೆ, ಎಲ್ಲ ಗೊತ್ತು. ನಕ್ಷತ್ರವನ್ನು ಮಾತ್ರ ಯಾರೂ ಬೊಟ್ಟು ಮಾಡಿ ತೋರಿಸಿರಲಿಲ್ಲ.

"ಹುಬ್ಬೆ ಮಳೆ ಬರೋ ಹೊತ್ತಿಗೆ ಸೂರ್ಯ ಆ ನಕ್ಷತ್ರದ ಹತ್ರಾನೇ ಇರ್ತಾನೆ ಅಜ್ಜಿ. ಅದಕ್ಕೇ ಆಗ ಕಾಣಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಂಗಾರೆ ಮಳೆ ಇಲ್ದಾಗ ಮಾತ್ರ ನಕ್ಷತ್ರ ಕಾಣ್ತೈತೆ ಅನ್ನು."

ಇಷ್ಟು ಚೊಕ್ಕವಾಗಿ ಇದನ್ನು ಹೇಳಿದವರನ್ನು ನಾನು ಕಂಡಿಲ್ಲ. ಖಗೋಳ ಶಿಬಿರಗಳಲ್ಲಿ ಮಾತಾಡುವ ನಾವು ಕ್ರಾಂತಿವೃತ್ತ, ರಾಶಿಚಕ್ರ ಎಂದು ಶುರು ಮಾಡಿ ಕೇಳುವವರನ್ನು ಸುಸ್ತು ಮಾಡುತ್ತೇವೆ. ಮಳೆಯ ಹೆಸರಿನಿಂದ ಹೊರಟರೆ ನಮ್ಮ ಹಳ್ಳಿಗಳಲ್ಲಿ ಅರ್ಧ ಆಕಾಶವನ್ನು ಪರಿಚಯ ಮಾಡಿಕೊಡುವ ಅಗತ್ಯವೇ ಇಲ್ಲ.

ಹುಬ್ಬೆಯ ಜೋಡಿಯಲ್ಲಿ ಕೆಳಗಿನ ನಕ್ಷತ್ರದಿಂದ ತುಸು ಜರುಗಿದರೆ ತ್ರಿವಳಿ. ಅಜ್ಜಿ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಎರಡು ಮಸುಕು ಕಂಡವಂತೆ, ಮೂರನೆಯದು ಕಂಡಿತೋ ಇಲ್ಲವೋ ಎಂದರು. ನಿಜವೇ, ಎನ್‌ಜಿಸಿ 3628 ನಮಗೆ ಅಂಚು ತಿರುಗಿಸಿ ನಿಂತ ಗ್ಯಾಲಕ್ಸಿ, ಅದರ ಬೆಳಕು ತೀರಾ ಹರಡಿಕೊಂಡಿದೆ. ಬಣ್ಣವಂತೂ ಯಾರ ಕಣ್ಣಿಗೂ ಕಾಣದು. ಮಬ್ಬಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣದ ಅರಿವಿಲ್ಲ. ಹಾಗಾಗಿ ಅವತ್ತು ಬೂದು ಮಸುಕು ಕಂಡವರು ಈಗ ಹಳದಿ ನಡುವನ್ನೂ ನೀಲಿ ತೋಳನ್ನೂ ಕಂಡು "ಅಲ್ಲೇ ಐತಾ, ನೀನು ಹಾಕಿದ್ದಾ" ಎಂದು ಕೇಳಿದ್ದು ತೀರಾ ನ್ಯಾಯ. ನೋಡಿದವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು.

"ಅಲ್ಲೇ ಇದೆ ಅಜ್ಜಿ" ಎಂದೆ. ಅವರು ಒಪ್ಪಲಿಲ್ಲ. "ಬಿತ್ತನೆ ಬೀಜಕ್ಕೂ ಬಣ್ಣ ಹಚ್ಚಿ ಕೊಡ್ತಾರೆ ಕಣಪ್ಪಾ. ಒಳಗೇನೈತೆ ಅಂತ ಒಡ್ದು ನೋಡೇ ತಿಳ್ಕಬೇಕು."

ಸರಿ, ಒಡೆದೇ ತೋರಿಸೋಣ ಎಂದು ಕಚ್ಚಾ ಫೈಲುಗಳ ಫೋಲ್ಡರ್ ತೆರೆದೆ. ಮೊದಲು ಒಂದೇ ಒಂದು ಫ್ರೇಮ್, ಅಂದರೆ ಕ್ಯಾಮೆರಾ ಮೂರು ನಿಮಿಷ ಬೆಳಕು ಹಿಡಿದ ಒಂದು ಚಿತ್ರ. ಪರದೆ ಕಪ್ಪೋ ಕಪ್ಪು. ನಾಲ್ಕಾರು ನಕ್ಷತ್ರ ಬಿಟ್ಟರೆ ಏನೂ ಇಲ್ಲ. ಹುಡುಗ ಆಗ ಮೊದಲ ಸಲ ತಲೆ ಎತ್ತಿದ. 16 ಬಿಟ್ ಫೈಲಿನಲ್ಲಿ ಕಪ್ಪಿನಿಂದ ಬಿಳಿಯವರೆಗೆ 65,536 ಹಂತಗಳಿರುತ್ತವೆ. ಗ್ಯಾಲಕ್ಸಿಯ ಬಹುಭಾಗ ತಳದ ಕೆಲವೇ ಹಂತಗಳಲ್ಲಿ ಮುದುಡಿ ಕೂತಿರುತ್ತದೆ. ಆ ಹಂತಗಳನ್ನು ಹಿಗ್ಗಿಸಿದೆ. ಮರಳು ಎರಚಿದಂತೆ ಸುಳ್ಳು ಚುಕ್ಕಿಗಳ ಗದ್ದಲ, ಅದರ ನಡುವೆ ಮೂರು ಮಸುಕು. "ಇದು ನಾನು ಅವತ್ತು ಕಂಡಿದ್ದು" ಎಂದರು ಅಜ್ಜಿ. ಮೂರನೆಯದೂ ಇದೆ ಎಂದು ತಾವೇ ಎಣಿಸಿದರು.

ಮುಂದಿನ ಫ್ರೇಮ್. ಅದರಲ್ಲಿ ಒಂದು ಉಪಗ್ರಹ ಹಾದುಹೋಗಿತ್ತು, ಎಂ65ರ ಪಕ್ಕದಲ್ಲೇ ಉದ್ದಕ್ಕೆ ಬಿಳಿ ಗೆರೆ. "ಇದೇನು ಗೀರು?" ಹೇಳಿದೆ. "ಅದು ಆ ಚಿತ್ರದಾಗಿಲ್ವಲ್ಲ, ಅಳಿಸಿದೆಯಾ?" ಇದೂ ಒಳ್ಳೆಯ ಪ್ರಶ್ನೆ. ನಾನಾಗಿ ಅಳಿಸುವುದಿಲ್ಲ. ನೂರಾರು ಫ್ರೇಮ್‌ಗಳನ್ನು ಒಂದರ ಮೇಲೊಂದು ಪೇರಿಸುವಾಗ ತಂತ್ರಾಂಶ ಪ್ರತಿ ಚುಕ್ಕಿಯನ್ನೂ ಎಲ್ಲ ಫ್ರೇಮ್‌ಗಳಲ್ಲಿ ತಾಳೆ ನೋಡುತ್ತದೆ. ಒಂದರಲ್ಲಿ ಮಾತ್ರ ಬಂದು ಉಳಿದವುಗಳಲ್ಲಿ ಇಲ್ಲದ್ದನ್ನು ಕೈಬಿಡುತ್ತದೆ. ಎಲ್ಲದರಲ್ಲೂ ಬಂದದ್ದು ಉಳಿಯುತ್ತದೆ. ಗದ್ದಲ ಫ್ರೇಮಿನಿಂದ ಫ್ರೇಮಿಗೆ ಬೇರೆ ಬೇರೆ, ಗ್ಯಾಲಕ್ಸಿ ಮಾತ್ರ ಅದೇ. ಫ್ರೇಮ್‌ಗಳನ್ನು ನಾಲ್ಕು ಪಟ್ಟು ಮಾಡಿದರೆ ಗದ್ದಲ ಅರ್ಧಕ್ಕೆ ಇಳಿಯುತ್ತದೆ, ನೂರು ಪಟ್ಟು ಮಾಡಿದರೆ ಹತ್ತರಲ್ಲೊಂದು ಪಾಲಿಗೆ. ರಾತ್ರಿಯೆಲ್ಲ ಕೂರುವುದು ಇದಕ್ಕೇ.

ಆಮೇಲೆ ಪೇರಿಸಿದ ಫೈಲು. ಹಿಗ್ಗಿಸುತ್ತಾ ಹೋದ ಹಾಗೆ ಎಂ66ರ ಓರೆಯಾದ ತೋಳುಗಳು ಮೂಡಿದವು. ಅಲ್ಲಲ್ಲಿ ಗುಲಾಬಿ ಚುಕ್ಕಿ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಹೈಡ್ರೋಜನ್ ಮೋಡಗಳವು, 656 ನ್ಯಾನೋಮೀಟರ್ ಅಲೆಯುದ್ದದಲ್ಲಿ ಹೊಳೆಯುತ್ತವೆ. ಹಳೆಯ ನಕ್ಷತ್ರಗಳು ತುಂಬಿದ ನಡುಭಾಗ ಹಳದಿ, ಎಳೆಯ ಬಿಸಿ ನಕ್ಷತ್ರಗಳಿರುವ ತೋಳು ನೀಲಿ. ಬಣ್ಣವನ್ನು ನಾನು ಕಣ್ಣಂದಾಜಿಗೆ ಹೊಂದಿಸುವುದಿಲ್ಲ. ಅದೇ ಚೌಕಟ್ಟಿನಲ್ಲಿ ಬಿದ್ದಿರುವ ನಕ್ಷತ್ರಗಳ ಬಣ್ಣವನ್ನು ಗಾಯಾ ಉಪಗ್ರಹದ ಪಟ್ಟಿಯೊಂದಿಗೆ ತಾಳೆ ಹಾಕಿ ತಂತ್ರಾಂಶ ಬಣ್ಣ ಸರಿ ಮಾಡುತ್ತದೆ. ಅದನ್ನೂ ತೋರಿಸಿದೆ. ಅಜ್ಜಿಗೆ ಎಷ್ಟು ಅರ್ಥವಾಯಿತೋ, ಹುಡುಗ ಮಾತ್ರ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಿದ್ದ.

ಕೊನೆಯಲ್ಲಿ ಬಾಲ. ಎನ್‌ಜಿಸಿ 3628ರಿಂದ ಹೊರಟು ಸುಮಾರು ಮೂರು ಲಕ್ಷ ಜ್ಯೋತಿರ್ವರ್ಷ ಚಾಚಿಕೊಂಡಿರುವ ನಕ್ಷತ್ರಗಳ ಎಳೆ. ಈ ಗ್ಯಾಲಕ್ಸಿಗಳು ಒಂದರ ಹತ್ತಿರ ಒಂದು ಹಾದುಹೋದಾಗ ಗುರುತ್ವ ಎಳೆದು ಬಿಟ್ಟ ಗುರುತು. ಆಕಾಶದ ಹಿನ್ನೆಲೆಗಿಂತ ಅದು ಹೊಳೆಯುವುದು ಕೂದಲೆಳೆಯಷ್ಟೇ ಹೆಚ್ಚು. ಚಿತ್ರವನ್ನು ಪರದೆಯಲ್ಲಿ ಚಿಕ್ಕದು ಮಾಡಿ, ಎರಡು ಹೆಜ್ಜೆ ಹಿಂದೆ ನಿಂತರೆ ಕಾಣುತ್ತದೆ. ಅಜ್ಜಿಗೆ ಕಾಣಲಿಲ್ಲ. ಹುಡುಗನಿಗೆ ಕಂಡಿತು.

ಈ ಬಾಲದ ವಿಷಯದಲ್ಲಿ ಇನ್ನೊಬ್ಬರ ಮಾತು ನೆನಪಾಗುತ್ತದೆ. ನನಗಿಂತ ಬಹಳ ಮೊದಲಿನಿಂದ ಆಕಾಶದ ಚಿತ್ರ ತೆಗೆಯುತ್ತಿರುವವರು. ಧ್ರುವ ನಕ್ಷತ್ರಕ್ಕೆ ದೂರದರ್ಶಕ ಕೂರಿಸುವ ಮೌಂಟ್ ಹೊಂದಿಸುವುದನ್ನು ನನಗೆ ಕೈಹಿಡಿದು ಕಲಿಸಿದವರು, ಧಾರಾಳಿ. ನನ್ನ ಚಿತ್ರ ನೋಡಿ ಹೇಳಿದರು: "ಬಾಲ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತೇ ಇದೆಯಲ್ಲ. ದೊಡ್ಡ ದೂರದರ್ಶಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು ಬ್ರಷ್‌ನಲ್ಲಿ ಸ್ವಲ್ಪ ಎಳೆದುಬಿಡಿ. ಇದ್ದದ್ದನ್ನೇ ತಾನೇ ಬರೆಯೋದು?"

ಅವರ ಮೇಲಿನ ಗೌರವ ಕಡಿಮೆಯಾಗಿಲ್ಲ, ಆದರೆ ಈ ಮಾತು ನನಗೆ ಒಪ್ಪಿಗೆಯಿಲ್ಲ. ಬಾಲ ಅಲ್ಲಿದೆ, ನಿಜ. ಆದರೆ ಬ್ರಷ್‌ನಲ್ಲಿ ಎಳೆದ ಬಾಲ ಅಲ್ಲಿಂದ ಬಂದದ್ದಲ್ಲ. ಆ ಹೊಲಕ್ಕೆ ಆ ರಾತ್ರಿ ಬಿದ್ದ ಬೆಳಕು ಎಷ್ಟೋ, ನನ್ನ ಚಿತ್ರಕ್ಕೆ ಅಷ್ಟೇ ಹಕ್ಕು. ಚೂಪು ಮಾಡುವ ಕೆಲವು ಹೊಸ ತಂತ್ರಾಂಶಗಳ ಬಗ್ಗೆಯೂ ನನ್ನ ತಕರಾರು ಇದೇ. ಸಾವಿರಾರು ಚಿತ್ರ ನೋಡಿ ಕಲಿತ ಯಂತ್ರ ಮಸುಕನ್ನು ಬಿಡಿಸಿ ತೋರಿಸುವ ನೆಪದಲ್ಲಿ, ಅಲ್ಲಿ ಇರಬಹುದಾದ ಚುಕ್ಕಿಗಳನ್ನು ಇಟ್ಟುಬಿಡುತ್ತದೆ. ಎಷ್ಟು ಅಂದವಾಗಿ ಇಡುತ್ತದೆಂದರೆ ಇಟ್ಟದ್ದು ಯಾವುದು, ಇದ್ದದ್ದು ಯಾವುದು ಎಂದು ಚಿತ್ರ ಮಾಡಿದವನಿಗೇ ತಿಳಿಯದು.

ಒಂದು ಚುಕ್ಕಿಯಿಂದ ಏನಾಗುತ್ತದೆ ಎನ್ನುವವರಿಗೆ ಎಂ66ನ್ನೇ ತೋರಿಸಬೇಕು. ಅದರಲ್ಲಿ 1973, 1989, 2009, 2016ರಲ್ಲಿ ಸೂಪರ್‌ನೋವಾಗಳು, ಅಂದರೆ ಸಿಡಿದ ನಕ್ಷತ್ರಗಳು, ಕಂಡಿವೆ. ಪಕ್ಕದ ಎಂ65ರಲ್ಲಿ 2013ರಲ್ಲಿ. ಪ್ರತಿಯೊಂದೂ ಮೊದಲು ಕಂಡದ್ದು ನೆನ್ನೆ ಇಲ್ಲದ, ಇವತ್ತು ಇರುವ ಒಂದು ಚುಕ್ಕಿಯಾಗಿಯೇ. 2016ರ ಸೆಪ್ಟೆಂಬರ್ 20ರ ರಾತ್ರಿ ಅರ್ಜೆಂಟೀನಾದ ರೊಸಾರಿಯೋ ಊರಿನ ವಿಕ್ಟರ್ ಬೂಸೋ ಹೊಸ ಕ್ಯಾಮೆರಾ ಪರೀಕ್ಷೆ ಮಾಡಲು ಎನ್‌ಜಿಸಿ 613 ಗ್ಯಾಲಕ್ಸಿಯತ್ತ ದೂರದರ್ಶಕ ತಿರುಗಿಸಿದರು. ವೃತ್ತಿಯಿಂದ ಬೀಗದ ಕೆಲಸದವರು. ಫ್ರೇಮ್‌ಗಳು ಒಂದಾದ ಮೇಲೊಂದು ಬರುತ್ತಿದ್ದ ಹಾಗೆ, ಮೊದಲಿನವುಗಳಲ್ಲಿ ಇಲ್ಲದ ಚುಕ್ಕಿ ಅವರ ಕಣ್ಣೆದುರೇ ಬೆಳಗತೊಡಗಿತು. ನಕ್ಷತ್ರ ಸಿಡಿದ ಬೆಳಕು ಹೊರಬೀಳುವ ಮೊದಲ ಗಳಿಗೆ ಅದು. 2018ರಲ್ಲಿ ಆ ಫ್ರೇಮ್‌ಗಳು ನೇಚರ್ ಪತ್ರಿಕೆಯ ಪ್ರಬಂಧವಾದವು. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾ ಪತ್ತೆಮಾಡಿದಾಗಲೂ ಹೀಗೇ ಆಯಿತು. ಬೇರೆ ಬೇರೆ ದೇಶಗಳ ಹವ್ಯಾಸಿಗಳು ತಮ್ಮ ಹಿಂದಿನ ರಾತ್ರಿಗಳ ಫ್ರೇಮ್‌ಗಳನ್ನು ತೆಗೆದು ನೋಡಿದರು. ಕೆಲವರಲ್ಲಿ ಆ ಚುಕ್ಕಿ ಆಗಲೇ ಸಣ್ಣಗೆ ಇತ್ತು. ಸ್ಫೋಟ ಆದದ್ದು ಯಾವ ಹೊತ್ತಿಗೆ ಎಂದು ವಿಜ್ಞಾನಿಗಳಿಗೆ ನಿಕಟವಾಗಿ ಹೇಳಲು ಸಾಧ್ಯವಾದದ್ದು ಅದರಿಂದ. ಅವರ ಕಚ್ಚಾ ಫ್ರೇಮ್‌ಗಳ ಮೇಲೆ ಯಾರೂ ಬ್ರಷ್ ಆಡಿಸಿರಲಿಲ್ಲ, ಹಾಗಾಗಿ ಅವು ಲೆಕ್ಕಕ್ಕೆ ಬಂದವು.

ನಾನು ಸೂಪರ್‌ನೋವಾ ಹುಡುಕುವವನಲ್ಲ. ಆದರೂ ಚಳ್ಳಕೆರೆಯ ಹೊಲದಲ್ಲಿ ಹಿಡಿದ ಒಂದು ಫ್ರೇಮ್ ಯಾವತ್ತಾದರೂ ಯಾರಿಗಾದರೂ ಬೇಕಾದೀತು, ಆಗ ಅದರಲ್ಲಿರುವ ಚುಕ್ಕಿಗಳಿಗೆಲ್ಲ ನಾನು ಜವಾಬು ಹೇಳುವಂತಿರಬೇಕು ಎಂಬ ಆಸೆ ನನಗೆ ಬಲವಾಗಿದೆ. "ಅಲ್ಲೇ ಐತಾ" ಎಂದು ಕೇಳುವವರಿಗೆ ಬಾಯಿಮಾತಿನ ಉತ್ತರ ಇನ್ನು ಮುಂದೆ ಸಾಲದು. ಚಿತ್ರ ಚೆನ್ನಾಗಿದ್ದಷ್ಟೂ ಅನುಮಾನ ಹೆಚ್ಚುವ ಕಾಲ ಇದು. ಹಾಗಾಗಿ ಇನ್ನು ಚಿತ್ರದ ಜೊತೆ ಕಚ್ಚಾ ಫೈಲುಗಳನ್ನೂ ಕೇಳಿದವರಿಗೆ ಕೊಡುವುದು ಎಂದು ತೀರ್ಮಾನ ಮಾಡಿದ್ದೇನೆ.

ಮೊದಲು ಕೇಳಿದವನು ಆ ಹುಡುಗನೇ. ಹೊರಡುವಾಗ "ಸರ್, ಆ ಫೋಲ್ಡರ್ ನಂಗೆ ಹಾಕ್ಕೊಡ್ತೀರಾ? ನಾನೇ ಒಂದ್ಸಲ ಮಾಡಿ ನೋಡ್ತೀನಿ" ಎಂದ. ಪೆನ್‌ಡ್ರೈವ್‌ನಲ್ಲಿ ಹಿಡಿಸದು ಎಂದು ಹಾರ್ಡ್ ಡಿಸ್ಕನ್ನೇ ಕೊಟ್ಟು ಬಂದೆ. ಸಿರಿಲ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ ಎಂದು ಹೇಳಿಕೊಟ್ಟಿದ್ದೆ.

ನೆನ್ನೆ ರಾತ್ರಿ ಫೋನ್ ಬಂತು. ಪೇರಿಸಿದ್ದಾನೆ, ಬಣ್ಣ ನನ್ನದಕ್ಕೆ ಹೆಚ್ಚುಕಮ್ಮಿ ಹೊಂದುತ್ತದಂತೆ. "ಆದ್ರೆ ಬಾಲ ಬರ್ತಿಲ್ಲ ಸರ್. ನಿಮ್ದ್ರಾಗೆ ಹೆಂಗೆ ಬಂತು?" ದನಿಯಲ್ಲಿ ಗುಮಾನಿ ಇನ್ನೂ ಇತ್ತು, ಇರಲಿ, ಅದು ಇರಲೇಬೇಕಾದ್ದು. ಹಿನ್ನೆಲೆಯ ಬೆಳಕನ್ನು ಕಳೆಯುವಾಗ ಆಕಾಶ ಎಂದು ಗುರುತು ಹಾಕುವ ಚೌಕಗಳಿರುತ್ತವೆ. ಅವು ಬಾಲದ ಮೇಲೆ ಬಿದ್ದರೆ ತಂತ್ರಾಂಶ ಬಾಲವನ್ನೂ ಆಕಾಶವೆಂದೇ ತಿಳಿದು ಕಳೆದುಬಿಡುತ್ತದೆ. "ಬಾಲ ಇರೋ ಕಡೆ ಇರೋ ಚೌಕ ಎಲ್ಲಾ ತೆಗೆದು, ಮತ್ತೆ ಮೊದಲಿಂದ ಮಾಡು" ಎಂದೆ.

"ಬಾಲ ಎಲ್ಲೈತೆ ಅಂತ ಗೊತ್ತಿದ್ದು ಅಲ್ಲಿ ಚೌಕ ತೆಗೆದ್ರೆ, ಅದೂ ನಾವು ಹಾಕ್ದಂಗೇ ಆಗಲ್ವಾ ಸರ್?"

ಇದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲ. ಬಾಲ ಇಲ್ಲದ ಎದುರು ಬದಿಯಲ್ಲೂ ಅಷ್ಟೇ ಚೌಕ ತೆಗೆದು ನೋಡು, ಅಲ್ಲಿ ಏನೂ ಮೂಡದೆ ಇಲ್ಲಿ ಮಾತ್ರ ಮೂಡಿದರೆ ಹೇಳು ಎಂದಿದ್ದೇನೆ. ಮಾಡುತ್ತಿದ್ದಾನೆ.