ಸಾಕ್ಸ್ ಹರದಿತ್ತು, ಅವತ್ತ ಕರದ್ರು

ಹೋದ ವರ್ಷದ ಪವಿತ್ರ ಗುರುವಾರದ ಮಾತಿದು. ಈಸ್ಟರ್ ಹಿಂದಿನ ಗುರುವಾರ ಅದು, ಯೇಸುಸ್ವಾಮಿ ಕಡೀ ಊಟದಾಗ ಶಿಷ್ಯರ ಕಾಲು ತೊಳದದ್ದನ್ನ ನೆನಸಿ ಅವತ್ತ ನಮ್ಮ ಚರ್ಚಿನ್ಯಾಗ ಫಾದರ್ 12 ಮಂದಿ ಪಾದ ತೊಳೀತಾರ. ಅದರ ಹಿಂದಿನ ಗರಿಗಳ ಭಾನುವಾರ ಪೂಜಿ ಮುಗಿಸ್ಕೊಂಡು ಹೊರಗ ಬಂದ್ರ ಬೋರ್ಡಿಗೆ ಪಾದ ತೊಳಿಸ್ಕೊಳ್ಳೋ 12 ಮಂದಿ ಲಿಸ್ಟ್ ಹಚ್ಚಿದ್ರು, ಎರಡ ಸಲ ಓದಿದೆ, ನನ್ನ ಹೆಸರಿಲ್ಲ. ಒಂಬತ್ತು ವರ್ಷ ಆತು ನಾ ಈ ಚರ್ಚಿನ್ಯಾಗ ಪೂಜಿ ಹೊತ್ತಿನ್ಯಾಗ ಬೈಬಲ್ ವಾಚನ ಓದಾಕತ್ತು, ತಪ್ಪಿಲ್ಲದ ಕನ್ನಡ ಓದವ್ರು ನಮ್ಮಲ್ಲಿ ಕಡಿಮಿ (ಬೆಳಗಾವಿ ನೋಡ್ರಿ, ಒಂದ ಬೆಂಚಿನ್ಯಾಗ ಕೊಂಕಣಿ, ಮರಾಠಿ, ಕನ್ನಡ ಮೂರೂ ಕುಂತಿರ್ತಾವು), ಹಿಂಗಾಗಿ ನಂಗ ಸ್ವಲ್ಪ ಗತ್ತು ಇತ್ತು. ಲಿಸ್ಟಿನ್ಯಾಗ ಚರ್ಚ್ ಕಸಾ ಹೊಡಿಯೋ ಆಯಿ ಹೆಸರು ಇತ್ತು. 2016ರಾಗ ಪೋಪ್ ಫ್ರಾನ್ಸಿಸ್ ನಿಯಮ ಬದಲ ಮಾಡಿದ ಮ್ಯಾಲ ಹೆಣ್ಮಕ್ಕಳ ಪಾದಾನೂ ತೊಳೀತಾರ, ಅದ್ರಾಗ ತಪ್ಪೇನಿಲ್ಲ, ಆದ್ರೂ ಹೊಟ್ಟ್ಯಾಗ ಚುರ್ ಅಂತು. ಮನಿಗೆ ಹೋಗಿ ಹೆಂಡತಿ ಮುಂದ "ನಂಗೇನ ಬೇಕಾಗಿಲ್ಲ ಬಿಡು" ಅಂದೆ. "ಬೇಕಾಗಿಲ್ಲಂದ್ರ ಮತ್ಯಾಕ ಹೇಳಾಕತ್ತೀರಿ" ಅಂದ್ಲು.

ಗುರುವಾರ ರಜಾ ಸಿಗಲಿಲ್ಲ. ಉದ್ಯಮಬಾಗದ ಫೌಂಡ್ರಿ ಕೆಲಸ ಗೊತ್ತಲ್ಲ, ಎಪ್ರಿಲ್ ಬಿಸಲು, ಅದರ ಮ್ಯಾಲ ಭಟ್ಟಿ ಝಳ, ಮೋಲ್ಡಿಂಗ್ ಕರಿ ಉಸುಕು ಬೂಟಿನೊಳಗೂ ಹೋಗತೈತಿ. ಸಂಜಿಗೆ ಮಾರಿ ತೊಳಕೊಂಡು ಅಂಗಿ ಬದಲಿಸಿ ಸೀದಾ ಚರ್ಚಿಗೆ ಬಂದೆ. ಬೂಟಿನ್ಯಾಗಿರೂದ ಯಾರ ನೋಡ್ತಾರ? ಎರಡನೇ ವಾಚನ ನಂದು, ಪೌಲ ಕೊರಿಂಥದವ್ರಿಗೆ ಬರದ ಮೊದಲ ಪತ್ರದ 11ನೇ ಅಧ್ಯಾಯ, ಯೇಸುಸ್ವಾಮಿ ರೊಟ್ಟಿ ಮುರದು ಕೊಡೋ ಭಾಗ. ಭಾಳ ಚಂದ ಓದಿದೆ ಅಂತ ನಂಗನ ಅನಿಸ್ತು.

ಆಮ್ಯಾಲ ಫಾದರ್ ಯೊವಾನ್ನ ಬರದ ಶುಭಸಂದೇಶದ 13ನೇ ಅಧ್ಯಾಯ ಓದಿದ್ರು, ಪಾದ ತೊಳಿಯೋ ಭಾಗ. ನನ್ನ ಕಾಲು ನೀವು ತೊಳಿಯೂದ ಬ್ಯಾಡ ಅಂತಾನ ಶಿಷ್ಯ ಪೇತ್ರ, ತೊಳೀಲಿಲ್ಲಂದ್ರ ನಿಂಗೂ ನಂಗೂ ಸಂಬಂಧ ಇಲ್ಲ ಅಂತಾರ ಸ್ವಾಮಿ. ಧೂಳ ಕಾಲು ತೊಳಿಯೂದು ಆ ಕಾಲದಾಗ ಮನಿ ಆಳಿನ ಕೆಲಸ, ಮರುಗಳಿಗ್ಯಾಗ ಸ್ವಾಮಿನ್ನ ವೈರಿಗಳಿಗೆ ಹಿಡಕೊಡಾಕ ಹೊಂಟಿದ್ದ ಶಿಷ್ಯ ಯೂದನೂ ಆ ಊಟಕ್ಕ ಕುಂತಿದ್ದ, ಅವನ ಕಾಲೂ ಬಿಡಲಿಲ್ಲ ಅಂತ ಫಾದರ್ ಹೇಳಿದಾಗ ನಾ ಜೋರ ತಲಿ ಅಲ್ಲಾಡಿಸಿದೆ, ಲಿಸ್ಟ್ ಮಾಡಿದವ್ರು ಕೇಳ್ಲಿ ಇದನ್ನ ಅಂತ ಮನಸಿನ್ಯಾಗ.

ಅಷ್ಟರಾಗ ಪೂಜಿ ತಯಾರಿ ನೋಡ್ಕೊಳ್ಳೋ ಸ್ಯಾಕ್ರಿಸ್ಟನ್ ಬಂದು ಕಿವ್ಯಾಗ ಅಂದ, ಒಬ್ರಿಗೆ ಜ್ವರ ಬಂದೈತಿ, ಒಂದ ಖುರ್ಚಿ ಖಾಲಿ ಐತಿ, ನೀವ ಬರ್ರಿ.

ಎದ್ದು ಹೋಗಿ ಆಯಿ ಬಾಜೂಕ ಕುಂತೆ. ಇಲ್ಲೊಂದ ಗುಟ್ಟು ಹೇಳ್ತೀನಿ, ಪಾದ ತೊಳಿಸ್ಕೊಳ್ಳಾಕ ಬರವ್ರು ಎಲ್ಲಾರೂ ಮನ್ಯಾಗ ಕಲ್ಲಿಲೆ ಹಿಮ್ಮಡಿ ತಿಕ್ಕಿ ತೊಳಕೊಂಡ ಬಂದಿರ್ತಾರ, ಚರ್ಚಿನ್ಯಾಗ ತೊಳಿಯಾಕ ಏನೂ ಉಳದಿರೂದಿಲ್ಲ. ನಂದ ಬೂಟ್ ಬಿಚ್ಚಿದ್ರ ಸಾಕ್ಸಿನ ತೂತಿನ್ಯಾಗಿಂದ ಹೆಬ್ಬಟ್ಟ ಹೊರಗ ನೋಡಾಕತ್ತಿತ್ತು, ಉಗುರಿನ ಸಂದ್ಯಾಗೆಲ್ಲಾ ಕರಿ ಉಸುಕು, ವಾಸನಿ ಬಗ್ಗೆ ಹೇಳೂದ ಬ್ಯಾಡ. ಫಾದರ್ ತಂಬಗಿ ಬೋಗಣಿ ಹಿಡಕೊಂಡ ಹುಡುಗ್ರ ಜೋಡಿ ಬಂದು ನನ್ನ ಮುಂದ ಮಣಕಾಲ ಊರಿದ್ರು. ನಾ ಕಾಲ ಹಿಂದ ಎಳಕೊಂಡೆ.

"ಬ್ಯಾಡ್ರಿ ಫಾದರ್, ಭಾಳ ಹೊಲಸ ಐತಿ."

ಅವ್ರು ಏನೂ ಅನ್ನಲಿಲ್ಲ. ಆಯಿನ ಅಂದ್ಲು, "ಹೊಲಸಿದ್ರನ ತೊಳೀತಾರಪಾ ತಮ್ಮಾ. ಲಗೂನ ಕಾಲ ಮುಂದ ಮಾಡ, ಅವ್ರಿಗೆ ಮಣಕಾಲ ನೋವೈತಿ."

ನೀರ ಕರ್ರಗ ಆತು. ಬಿಳಿ ಟವೆಲ್ಲಿಗೆ ಕರಿ ಬಳಕೊಂತು, ಫಾದರ್ ತಲಿ ಬಗ್ಗಿಸಿ ಕಾಲಿಗೆ ಮುತ್ತು ಕೊಟ್ರು, ಕಣ್ಣ ಮುಚ್ಕೊಂಡ ಬಿಟ್ಟೆ ನಾ. ಆಮ್ಯಾಲ ಆಯಿ ಕಾಲೂ ಅದ ಬೋಗಣಿ ಮ್ಯಾಲನ ತೊಳದ್ರು, ಆಕಿ ಹಾಯಾಗಿ ಕುಂತಿದ್ಲು.

ಪೂಜಿ ಮುಗದು ಪೀಠದ ಮ್ಯಾಗಿನ ಬಟ್ಟಿ ಎಲ್ಲಾ ತಗದ್ರು, ಶನಿವಾರ ರಾತ್ರಿ ತನಕ ಗಂಟಿನೂ ಬಾರಸೂದಿಲ್ಲ, ಮಂದಿ ಮೊಣಕಾಲೂರಿ ಸುಮ್ನ ಕುಂತಿದ್ರು. ಹಿಂದಿನ ಖೋಲ್ಯಾಗ ಆಯಿ ಟವೆಲ್ ಗಂಟ ಕಟ್ಟಾಕತ್ತಿದ್ಲು. ಅವನ್ನ ತೊಳಿಯಾಕಿ ಆಕಿನ ಅನ್ನೂದು ಒಂಬತ್ತು ವರ್ಷದಾಗ ನಂಗ ಗೊತ್ತಿದ್ದಿದ್ದಿಲ್ಲ. "ಕೊಡಬೇ ಆಯಿ, ನಾ ತೊಳದ ತರ್ತೀನಿ" ಅಂದೆ. ಆಕಿ ನನ್ನ ಮಾರಿ ನೋಡಿದ್ಲು. "ಎರಡ ಟವೆಲ್ ತೊಳದು ನಾಳಿಂದ ಊರ ತುಂಬ ಹೇಳ್ಕೊಂಡ ತಿರಗ್ತಿ. ಹೋಗ, ಊಟಾ ಮಾಡ ಹೋಗ."

ಈ ವರ್ಷ ಲಿಸ್ಟ್ ಹಚ್ಚಿದ ದಿನ ಬೋರ್ಡ್ ಕಡೆ ಹೊಳ್ಳಿ ಸೈತ ನೋಡಬಾರದು ಅನ್ಕೊಂಡು ಹೊರಗ ಬಂದೆ. ನೋಡಿದೆ. ಹೆಸರಿದ್ದಿದ್ದಿಲ್ಲ. ಸಾಕ್ಸ್ ಮಾತ್ರ ಹೊಸಾವು ತಗೊಂಡಿಟ್ಟಿದ್ದೆ.